ಸ್ವಂತ ಖರ್ಚಿನ ಕಾದಂಬರಿ: ಜೇನ್ ಆಸ್ಟಿನ್‌ಳ ಓದು, ಬರವಣಿಗೆ ಮತ್ತು ಲೆಕ್ಕ

ಕನ್ನಡ ಅಧ್ಯಯನ ವಲಯದಲ್ಲಿ ಎರಡು ಮಾತುಗಳು ವಿಮರ್ಶೆಯ ಸ್ಥಾನವನ್ನು ಸದ್ದಿಲ್ಲದೆ ಆಕ್ರಮಿಸಿಕೊಂಡಿವೆ. ‘ಅದು ಬರಿಯ ಪ್ರೇಮ ಕಾದಂಬರಿ’ ಎಂಬುದು ಒಂದು. ‘ಲೇಖಕರೇ ಹಣ ಹಾಕಿ ಅಚ್ಚು ಮಾಡಿಸಿದ್ದು’ ಎಂಬುದು ಇನ್ನೊಂದು. ಮೊದಲನೆಯದು ವಸ್ತುವನ್ನು ಹೇಳುತ್ತದೆ, ಎರಡನೆಯದು ಹಣದ ಮೂಲವನ್ನು ಹೇಳುತ್ತದೆ. ಎರಡರಲ್ಲಿ ಯಾವುದೂ ಕೃತಿಯ ಗುಣವನ್ನು ಹೇಳುವುದಿಲ್ಲ. ಆದರೂ ಇವೆರಡೂ ಒಂದೇ ಪುಸ್ತಕಕ್ಕೆ ಅಂಟಿಕೊಂಡರೆ ಅದನ್ನು ತೆರೆದು ನೋಡುವ ಅಗತ್ಯವೇ ಇಲ್ಲವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಓದದೆ ಕೊಡುವ ತೀರ್ಪು ಎಷ್ಟೇ ಪಾಂಡಿತ್ಯದ ಉಡುಗೆ ತೊಟ್ಟರೂ ತೀರ್ಪಾಗುವುದಿಲ್ಲ, ಪೂರ್ವಗ್ರಹವಾಗಿಯೇ ಉಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಸಂಶೋಧನ ವಿಷಯಗಳನ್ನು ಅಂಗೀಕರಿಸುವ ಸಭೆಯೊಂದರಲ್ಲಿ ನಾನಿದ್ದೆ. ತನ್ನ ಊರಿನ ಲೇಖಕಿಯೊಬ್ಬರು ತಾವೇ ಪ್ರಕಟಿಸಿದ ಪ್ರೇಮ ಕಾದಂಬರಿಗಳನ್ನೂ ಅವರ ಓದಿನ ಹಿನ್ನೆಲೆಯನ್ನೂ ಅಧ್ಯಯನ ಮಾಡಬೇಕೆಂದು ವಿದ್ಯಾರ್ಥಿನಿಯೊಬ್ಬಳು ಕೇಳಿಕೊಂಡಿದ್ದಳು. ಕಾದಂಬರಿಗಳ ಒಂದು ಪುಟವನ್ನೂ ಯಾರೂ ನೋಡಿರಲಿಲ್ಲ. ‘ಪ್ರಕಾಶಕರು ಯಾರು?’ ಎಂಬ ಪ್ರಶ್ನೆಗೆ ಬಂದ ಉತ್ತರದಲ್ಲಿಯೇ ವಿಷಯ ಬಿದ್ದುಹೋಯಿತು. ನಾನು ವಿರೋಧಿಸಿದೆ, ನನ್ನದು ಒಂಟಿ ದನಿಯಾಯಿತು. ಅಲ್ಲಿ ಆಡಲು ಅವಕಾಶ ಸಿಗದ ವಾದವನ್ನು ಇಲ್ಲಿ ಕ್ರಮವಾಗಿ ಮಂಡಿಸಬೇಕೆನಿಸಿದೆ. ಅದಕ್ಕಾಗಿ, ಆ ಎರಡೂ ಆಕ್ಷೇಪಗಳಿಗೆ ಸಮಾನವಾಗಿ ಗುರಿಯಾಗಬಹುದಾದ, ಆದರೆ ಇಂದು ಯಾರೂ ಆಕ್ಷೇಪಿಸುವ ಧೈರ್ಯ ಮಾಡದ ಒಬ್ಬ ಲೇಖಕಿಯ ಉದಾಹರಣೆಯನ್ನು ಎತ್ತಿಕೊಳ್ಳುತ್ತೇನೆ. ಆಕೆ ಇಂಗ್ಲೆಂಡಿನ ಜೇನ್ ಆಸ್ಟಿನ್.

ಇಲ್ಲಿ ಒಂದು ತಕರಾರು ಏಳಬಹುದು. ಆಸ್ಟಿನ್ ಪ್ರೇಮ ಕಾದಂಬರಿಗಾರ್ತಿಯೇ? ಆಕೆಯ ಕಾಲದಲ್ಲಿ ‘ರೊಮಾನ್ಸ್’ ಎಂಬ ಪದಕ್ಕೆ ಬೇರೆಯೇ ಅರ್ಥವಿತ್ತು. ಅರಮನೆ, ಕೋಟೆ, ವೀರರು, ದೂರದ ಕಾಲ, ನಂಬಲಾರದ ಘಟನೆ ಇವೆಲ್ಲ ಕೂಡಿದ ಅದ್ಭುತರಮ್ಯ ಕಥನವನ್ನು ಆ ಪದ ಸೂಚಿಸುತ್ತಿತ್ತು. ರಾಜಮನೆತನದ ಗ್ರಂಥಪಾಲಕನೊಬ್ಬ ೧೮೧೬ರಲ್ಲಿ ಅಂಥದೊಂದು ಚಾರಿತ್ರಿಕ ರಮ್ಯಕಥೆಯನ್ನು ಬರೆಯಬಾರದೇಕೆ ಎಂದು ಸಲಹೆಯಿತ್ತಾಗ, ಪ್ರಾಣ ಉಳಿಸಿಕೊಳ್ಳುವ ಸಂದರ್ಭ ಬಂದರಷ್ಟೇ ತಾನು ಅಂಥದಕ್ಕೆ ಕೈಹಾಕಬಹುದು ಎಂಬರ್ಥದ ಮರುತ್ತರವನ್ನು ಆಕೆ ವಿನೋದದಿಂದಲೇ ಬರೆದಳು. ಆದರೆ ನಾವು ಇಂದು ಪ್ರೇಮ ಕಾದಂಬರಿ ಎಂದು ಕರೆಯುವ ಪ್ರಕಾರದ ಚೌಕಟ್ಟು, ಅಂದರೆ ಇಬ್ಬರ ಭೇಟಿ, ತಪ್ಪು ತಿಳಿವಳಿಕೆ, ಅಡ್ಡಿ, ಅರಿವು, ಕೊನೆಗೆ ವಿವಾಹ, ಆಕೆಯ ಆರೂ ಪೂರ್ಣ ಕಾದಂಬರಿಗಳಲ್ಲಿದೆ. ಇಂದಿನ ಪ್ರೇಮ ಕಾದಂಬರಿಗಾರ್ತಿಯರಲ್ಲಿ ಬಹಳಷ್ಟು ಜನ ಆಕೆಯನ್ನೇ ತಮ್ಮ ಪ್ರಕಾರದ ಹಿರಿಯಳೆಂದು ಭಾವಿಸುತ್ತಾರೆ. ಆದುದರಿಂದ ಈ ಹೆಸರಿನಿಂದ ಆಕೆಯನ್ನು ಕರೆಯುವುದರಲ್ಲಿ ಆಕೆಗೆ ಕುಂದಿಲ್ಲ. ಕುಂದು ಇದ್ದರೆ ಆ ಹೆಸರನ್ನು ನಾವು ಬಳಸುವ ರೀತಿಯಲ್ಲಿದೆ.

ಮೊದಲು ಓದಿನ ವಿಷಯ. ಆಸ್ಟಿನ್ ೧೭೭೫ರ ಡಿಸೆಂಬರ್ ೧೬ರಂದು ಹ್ಯಾಂಪ್‌ಷೈರ್ ಪ್ರಾಂತದ ಸ್ಟೀವನ್‌ಟನ್ ಎಂಬ ಹಳ್ಳಿಯಲ್ಲಿ ಪಾದ್ರಿಯ ಮಗಳಾಗಿ ಹುಟ್ಟಿದಳು. ಎಂಟು ಮಕ್ಕಳಲ್ಲಿ ಇಬ್ಬರೇ ಹೆಣ್ಣುಮಕ್ಕಳು. ಹನ್ನೊಂದರ ವಯಸ್ಸಿನ ಹೊತ್ತಿಗೆ ಆಕೆಯ ಶಾಲಾ ಶಿಕ್ಷಣ ಮುಗಿದಿತ್ತು. ಅಲ್ಲಿಂದ ಮುಂದಿನ ವಿದ್ಯೆಯೆಲ್ಲ ತಂದೆಯ ಪುಸ್ತಕ ಸಂಗ್ರಹದ್ದು. ಅದರಲ್ಲಿ ಸುಮಾರು ಐನೂರು ಗ್ರಂಥಗಳಿದ್ದವು. ಹೆಣ್ಣುಮಗಳು ಇಂಥದನ್ನು ಓದಬಹುದು, ಇಂಥದನ್ನು ಓದಬಾರದು ಎಂಬ ಕಟ್ಟುನಿಟ್ಟು ಆ ಮನೆಯಲ್ಲಿದ್ದಂತೆ ಕಾಣುವುದಿಲ್ಲ. ಸಂಜೆಯ ಹೊತ್ತು ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು ಮನೆಯ ವಾಡಿಕೆ. ನಮ್ಮಲ್ಲಿ ಗಮಕಿಗಳು ಭಾರತವನ್ನು ವಾಚಿಸಿದಾಗ ಜಗುಲಿಯ ಶ್ರೋತೃಗಳಿಗೆ ಪದದ ತೂಕ, ಮಾತಿನ ಏರಿಳಿತ ಕಿವಿಯ ಮೂಲಕ ಒದಗುತ್ತಿದ್ದುದನ್ನು ಬಲ್ಲವರಿಗೆ ಇದರ ಫಲ ಏನೆಂದು ವಿವರಿಸಬೇಕಾಗಿಲ್ಲ. ಆಸ್ಟಿನ್‌ಳ ಸಂಭಾಷಣೆಗಳಲ್ಲಿ ಯಾರು ಮಾತಾಡುತ್ತಿದ್ದಾರೆಂದು ಹೇಳದಿದ್ದರೂ ದನಿಯಿಂದಲೇ ಗುರುತು ಹತ್ತುವುದಕ್ಕೆ ಈ ಕೇಳುವ ಓದು ಒಂದು ಮುಖ್ಯ ಕಾರಣವೆಂದು ನಾನು ಭಾವಿಸುತ್ತೇನೆ.

ಆಕೆ ಓದುತ್ತಿದ್ದುದು ಏನು? ಗದ್ಯದಲ್ಲಿ ಸ್ಯಾಮ್ಯುಯೆಲ್ ಜಾನ್ಸನ್, ಪದ್ಯದಲ್ಲಿ ಕೂಪರ್ ಆಕೆಗೆ ಪ್ರಿಯರಾಗಿದ್ದರೆಂದು ಅಣ್ಣ ಹೆನ್ರಿ, ಆಕೆಯ ಮರಣಾನಂತರ ಬರೆದ ಪರಿಚಯದಲ್ಲಿ ದಾಖಲಿಸಿದ್ದಾನೆ. ಇವು ಗೌರವಸ್ಥ ಹೆಸರುಗಳು. ಆದರೆ ಅದಕ್ಕಿಂತ ಹೆಚ್ಚಾಗಿ ಆಕೆ ಓದಿದ್ದು ಕಾದಂಬರಿಗಳನ್ನು. ಆ ಕಾಲದಲ್ಲಿ ಗೌರವಸ್ಥರು ಓದಿದರೂ ಒಪ್ಪಿಕೊಳ್ಳಲು ನಾಚುತ್ತಿದ್ದ ಪ್ರಕಾರವದು. ರಿಚರ್ಡ್‌ಸನ್ನನ ಬೃಹತ್ ಕಾದಂಬರಿ ‘ಸರ್ ಚಾರ್ಲ್ಸ್ ಗ್ರ್ಯಾಂಡಿಸನ್’ ಆಕೆಗೆ ಅಂಗೈ ನೆಲ್ಲಿಕಾಯಿಯಾಗಿತ್ತು. ಫ್ಯಾನಿ ಬರ್ನಿಯ ‘ಕಮಿಲ್ಲಾ’ ೧೭೯೬ರಲ್ಲಿ ಚಂದಾದಾರರ ಬೆಂಬಲದಿಂದ ಪ್ರಕಟವಾದಾಗ, ಗ್ರಂಥದಲ್ಲಿ ಅಚ್ಚಾದ ಚಂದಾದಾರರ ಪಟ್ಟಿಯಲ್ಲಿ ಸ್ಟೀವನ್‌ಟನ್ನಿನ ಮಿಸ್ ಜೇ. ಆಸ್ಟಿನ್ ಎಂಬ ಹೆಸರೂ ಇತ್ತು. ಇಪ್ಪತ್ತರ ಹುಡುಗಿ ಇನ್ನೊಬ್ಬ ಲೇಖಕಿಯ ಪುಸ್ತಕ ಹೊರಬರಲೆಂದು ಮುಂಗಡ ಹಣ ತೆತ್ತ ದಾಖಲೆಯಿದು. ಮುಂದೆ ತನ್ನ ಪುಸ್ತಕದ ಹಣದ ಹೊಣೆಯನ್ನು ತಾನೇ ಹೊರಲಿದ್ದವಳಿಗೆ, ಪುಸ್ತಕವೆಂಬುದು ಯಾರೋ ಒಬ್ಬರ ಹಣದಿಂದ ಹುಟ್ಟುತ್ತದೆಂಬುದು ಓದುಗಳಾಗಿಯೇ ತಿಳಿದಿತ್ತು.

ಕಾದಂಬರಿಗಳ ಬೆಲೆ ಆಗ ಸಾಮಾನ್ಯರ ಕೈಗೆಟುಕುವಂಥದಾಗಿರಲಿಲ್ಲ. ಬಹುಪಾಲು ಓದುಗರು ಚಂದಾ ತೆತ್ತು ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ ಪುಸ್ತಕ ತರುತ್ತಿದ್ದರು. ೧೭೯೮ರ ಡಿಸೆಂಬರಿನಲ್ಲಿ ಅಕ್ಕ ಕಸ್ಸಾಂಡ್ರಾಳಿಗೆ ಬರೆದ ಪತ್ರದಲ್ಲಿ ಆಸ್ಟಿನ್ ಇಂಥದೊಂದು ಹೊಸ ಲೈಬ್ರರಿಯ ಸುದ್ದಿ ಹೇಳುತ್ತಾಳೆ. ತನ್ನ ಸಂಗ್ರಹದಲ್ಲಿ ಕಾದಂಬರಿಗಳಷ್ಟೇ ಅಲ್ಲ, ಬೇರೆ ಬಗೆಯ ಸಾಹಿತ್ಯವೂ ಇರುತ್ತದೆಂದು ಅದರ ಒಡತಿ ಸಮಜಾಯಿಷಿ ಕೊಟ್ಟಿದ್ದಳು. ನಮ್ಮ ಮನೆಯವರಿಗೆ ಈ ಸಮಜಾಯಿಷಿ ಬೇಕಿರಲಿಲ್ಲ, ನಾವು ಕಾದಂಬರಿಗಳನ್ನು ಚೆನ್ನಾಗಿ ಓದುವವರು, ಅದಕ್ಕೆ ನಾಚುವವರೂ ಅಲ್ಲ ಎಂಬುದು ಆಸ್ಟಿನ್‌ಳ ಟಿಪ್ಪಣಿಯ ಸಾರ. ಗ್ರಂಥಾಲಯಕ್ಕೇ ಕಾದಂಬರಿಯ ಬಗ್ಗೆ ನಾಚಿಕೆಯಿದ್ದ ಕಾಲದಲ್ಲಿ ನಾಚಿಕೆಯಿಲ್ಲದೆ ಓದಿದ್ದೇ ಆಕೆಯ ಮೊದಲ ಸ್ವಾತಂತ್ರ್ಯ.

ಆದರೆ ನಾಚಿಕೆಯಿಲ್ಲದ ಓದು ಎಂದರೆ ವಿವೇಚನೆಯಿಲ್ಲದ ಓದಲ್ಲ. ಇದು ನನ್ನ ವಾದದ ಮುಖ್ಯ ಗಂಟು. ಹದಿನಾಲ್ಕರ ವಯಸ್ಸಿನಲ್ಲಿ, ೧೭೯೦ರಲ್ಲಿ, ಆಕೆ ‘ಲವ್ ಅಂಡ್ ಫ್ರೆಂಡ್‌ಷಿಪ್’ ಎಂಬ ಪುಟ್ಟ ಕಥನವನ್ನು ಬರೆದಳು. ಆ ಕಾಲದ ಭಾವುಕ ಕಾದಂಬರಿಗಳಲ್ಲಿ ನಾಯಕಿಯರು ಮಾತೆತ್ತಿದರೆ ಮೂರ್ಛೆ ಹೋಗುತ್ತಿದ್ದರು. ಈ ಹುಡುಗಿಯ ಕಥೆಯಲ್ಲಿ ಇಬ್ಬರು ಗೆಳತಿಯರು ಸರದಿಯ ಮೇಲೆ ಮೂರ್ಛೆ ಹೋಗುತ್ತಾರೆ. ಒಬ್ಬಳು ಇಬ್ಬನಿ ಬಿದ್ದ ನೆಲದ ಮೇಲೆ ಮೂರ್ಛೆ ಹೋದ ಫಲವಾಗಿ ಕಾಯಿಲೆ ಬಿದ್ದು ಸಾಯುತ್ತಾಳೆ. ನಗೆ ಉಕ್ಕಿಸುವ ಈ ಅಣಕ ಸಾಧ್ಯವಾದದ್ದು ಆ ಪ್ರಕಾರದ ಪುಸ್ತಕಗಳನ್ನು ರಾಶಿ ರಾಶಿ ಓದಿದವಳಿಗೆ. ಪ್ರಕಾರವನ್ನು ಕಡೆಗಣಿಸುವವನಿಗೆ ಅದರ ಸವಕಲು ಜಾಗ ಯಾವುದೆಂದು ಗೊತ್ತಿರುವುದಿಲ್ಲ. ಅದನ್ನು ಬರಿದೆ ಆರಾಧಿಸುವವನಿಗೆ ಸವಕಲು ಕಾಣುವುದಿಲ್ಲ. ಪ್ರೀತಿಯಿಂದಲೂ ಎಚ್ಚರದಿಂದಲೂ ಓದುವವನಿಗೆ ಮಾತ್ರ ಅದನ್ನು ಹೊಸದಾಗಿ ಕಟ್ಟುವ ದಾರಿ ತೆರೆಯುತ್ತದೆ.

‘ನಾರ್ಥ್ಯಾಂಗರ್ ಅಬ್ಬೆ’ ಈ ಬಗೆಯ ಓದಿನ ಪ್ರೌಢ ಫಲ. ಅದರ ನಾಯಕಿ ಕ್ಯಾಥರೀನ್ ಮಿಸೆಸ್ ರ‍್ಯಾಡ್‌ಕ್ಲಿಫ್ ಬರೆದ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೊ’ ಕಾದಂಬರಿಯಲ್ಲಿ ಮುಳುಗಿ, ಅತಿಥಿಯಾಗಿ ಹೋದ ಮನೆಯಲ್ಲೆಲ್ಲ ರಹಸ್ಯ, ಕೊಲೆಗಳನ್ನೇ ಕಾಣತೊಡಗುತ್ತಾಳೆ. ಲೇಖಕಿ ಆಕೆಯನ್ನು ಮೆಲ್ಲಗೆ ನಗುತ್ತಾಳೆ. ಆದರೆ ಅದೇ ಕಾದಂಬರಿಯ ಐದನೆಯ ಅಧ್ಯಾಯದಲ್ಲಿ ಕಥೆಯನ್ನು ನಿಲ್ಲಿಸಿ, ಕಾದಂಬರಿಕಾರರೇ ಕಾದಂಬರಿಯನ್ನು ಹಳಿಯುವ ದುರಭ್ಯಾಸವನ್ನು ಆಕೆ ಖಂಡಿಸುತ್ತಾಳೆ. ಬರ್ನಿ, ಎಜ್‌ವರ್ತ್ ಇವರ ಕೃತಿಗಳನ್ನು ಹೆಸರು ಹಿಡಿದು ಎತ್ತಿಹಿಡಿಯುತ್ತಾಳೆ. ಕಾದಂಬರಿ ಓದುವುದಿಲ್ಲವೆಂದು ಜಂಬ ಕೊಚ್ಚುವ ಪಾತ್ರ ಅಲ್ಲಿ ಮೂರ್ಖ. ರ‍್ಯಾಡ್‌ಕ್ಲಿಫಳ ಕೃತಿಗಳನ್ನೆಲ್ಲ ಸಂತೋಷದಿಂದ ಓದಿದೆನೆನ್ನುವ ಪಾತ್ರವೇ ನಾಯಕ. ಅಣಕವೂ ಸಮರ್ಥನೆಯೂ ಒಂದೇ ಹೊತ್ತಗೆಯಲ್ಲಿ ಜೊತೆಯಾಗಿರುವುದು ನನಗೆ ವಿರೋಧಾಭಾಸವಾಗಿ ತೋರುವುದಿಲ್ಲ. ಓದು ಎಂಬುದರ ಪೂರ್ಣ ಸ್ವರೂಪವೇ ಅದು.

ಇನ್ನು ಪ್ರಕಟಣೆಯ ಕಥೆ. ೧೭೯೬–೯೭ರಲ್ಲಿ ಆಕೆ ‘ಫಸ್ಟ್ ಇಂಪ್ರೆಷನ್ಸ್’ ಎಂಬ ಕಾದಂಬರಿಯನ್ನು ಬರೆದು ಮುಗಿಸಿದಳು. ೧೭೯೭ರ ನವೆಂಬರ್ ತಿಂಗಳಲ್ಲಿ ತಂದೆ ಲಂಡನ್ನಿನ ಕ್ಯಾಡೆಲ್ ಎಂಬ ಪ್ರಕಾಶಕನಿಗೆ ಪತ್ರ ಬರೆದ. ಲೇಖಕರ ಹೊಣೆಯಲ್ಲಿ ಪ್ರಕಟಿಸಿದರೆ ಖರ್ಚೆಷ್ಟು, ಹಕ್ಕನ್ನು ಕೊಳ್ಳುವುದಾದರೆ ಎಷ್ಟು ಕೊಡುವಿರಿ ಎಂದು ಆ ಪತ್ರದಲ್ಲಿ ವಿಚಾರಿಸಿದ್ದ. ಹಸ್ತಪ್ರತಿಯನ್ನು ತರಿಸಿ ನೋಡುವ ಗೋಜಿಗೂ ಹೋಗದೆ ಮರುಟಪ್ಪಾಲಿನಲ್ಲಿ ಬೇಡವೆಂಬ ಉತ್ತರ ಬಂತು. ೧೮೦೩ರಲ್ಲಿ ‘ಸೂಸನ್’ ಎಂಬ ಹಸ್ತಪ್ರತಿ ಹತ್ತು ಪೌಂಡಿಗೆ ಕ್ರಾಸ್ಬಿ ಸಂಸ್ಥೆಗೆ ಮಾರಾಟವಾಯಿತು. ಕೊಂಡವರು ಅಚ್ಚು ಮಾಡಲಿಲ್ಲ. ಆರು ವರ್ಷ ಕಾದು, ೧೮೦೯ರಲ್ಲಿ ಬೇರೊಂದು ಹೆಸರಿನಿಂದ ಆಕೆ ಬರೆದು ಕೇಳಿದಾಗ, ಕೊಟ್ಟ ಹತ್ತು ಪೌಂಡ್ ಹಿಂತಿರುಗಿಸಿದರೆ ಹಸ್ತಪ್ರತಿ ಹಿಂತಿರುಗಿಸುವುದಾಗಿ ಉತ್ತರ ಬಂತು. ಆ ಹಣ ತೆತ್ತು ಅದನ್ನು ಬಿಡಿಸಿಕೊಂಡದ್ದು ೧೮೧೬ರಲ್ಲಿ. ನಾವು ಮೇಲೆ ನೋಡಿದ ‘ನಾರ್ಥ್ಯಾಂಗರ್ ಅಬ್ಬೆ’ಯೇ ಇದು, ಲೇಖಕಿ ಸತ್ತ ಮೇಲೆ ಬೆಳಕು ಕಂಡಿತು. ಬಾಗಿಲು ಕಾಯುವ ಪ್ರಕಾಶಕನೇ ಗುಣದ ಪರೀಕ್ಷಕ ಎಂದು ನಂಬುವವರು ಈ ಎರಡು ಘಟನೆಗಳನ್ನು ನೆನಪಿನಲ್ಲಿಡಬೇಕು. ಮೊದಲ ಬಾಗಿಲು ಓದದೆ ಮುಚ್ಚಿತು. ಎರಡನೆಯದು ಕೊಂಡು ಕತ್ತಲಲ್ಲಿಟ್ಟಿತು.

೧೮೦೫ರಲ್ಲಿ ತಂದೆ ತೀರಿಕೊಂಡ. ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಬಾತ್, ಸೌತಾಂಪ್ಟನ್ ಎಂದು ನೆಲೆ ಬದಲಿಸುತ್ತ, ೧೮೦೯ರಲ್ಲಿ ಅಣ್ಣ ಎಡ್ವರ್ಡ್ ಒದಗಿಸಿದ ಚಾಟನ್ ಹಳ್ಳಿಯ ಮನೆಗೆ ಬಂದರು. ನೆಲೆ ನಿಂತ ಮೇಲೆ ಬರವಣಿಗೆ ಮತ್ತೆ ಹರಿಯಿತು. ಪ್ರತ್ಯೇಕ ಕೋಣೆಯಿಲ್ಲದೆ, ಮನೆಮಂದಿ ಕೂಡುವ ಕೋಣೆಯಲ್ಲಿ, ಯಾರಾದರೂ ಬಂದರೆ ಚಟಕ್ಕನೆ ಮುಚ್ಚಿಡಬಹುದಾದ ಸಣ್ಣ ಹಾಳೆಗಳ ಮೇಲೆ ಆಕೆ ಬರೆಯುತ್ತಿದ್ದಳೆಂದು ಅಣ್ಣನ ಮಗ ತನ್ನ ಸ್ಮರಣ ಗ್ರಂಥದಲ್ಲಿ ಹೇಳಿದ್ದಾನೆ.

ಆ ಮನೆಯಿಂದ ಹೊರಟ ಮೊದಲ ಪುಸ್ತಕ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’, ೧೮೧೧ರ ಅಕ್ಟೋಬರಿನ ಕೊನೆಯಲ್ಲಿ ಪ್ರಕಟವಾಯಿತು. ಮುಖಪುಟದಲ್ಲಿ ಲೇಖಕಿಯ ಹೆಸರಿಲ್ಲ. ಒಬ್ಬ ಮಹಿಳೆ ಬರೆದದ್ದು ಎಂದಿದೆ. ಕೆಳಗೆ, ಕರ್ತೃವಿಗಾಗಿ ಮುದ್ರಿಸಿದ್ದು ಎಂಬ ಸ್ಪಷ್ಟ ಒಕ್ಕಣೆಯಿದೆ. ಅದರ ನಂತರ ಥಾಮಸ್ ಎಗರ್ಟನ್ ಎಂಬ ಪುಸ್ತಕ ವ್ಯಾಪಾರಿಯ ಹೆಸರು. ಕಾಗದ, ಅಚ್ಚು, ಜಾಹೀರಾತಿನ ಖರ್ಚಿಗೆ ಲೇಖಕಿ ಹೊಣೆ. ಎಗರ್ಟನ್ನನಿಗೆ ಮಾರಾಟದ ಮೇಲೆ ಕಮಿಷನ್. ನಷ್ಟವಾದರೆ ಅದು ಲೇಖಕಿಯದು. ನಷ್ಟವಾದೀತೆಂದು ತನ್ನ ಸಣ್ಣ ಆದಾಯದಲ್ಲಿ ಒಂದಿಷ್ಟನ್ನು ಆಕೆ ತೆಗೆದಿರಿಸಿದ್ದಳೆಂದು ಹೆನ್ರಿ ಬರೆದಿದ್ದಾನೆ. ಮೂರು ಸಂಪುಟಗಳ ಬೆಲೆ ಹದಿನೈದು ಶಿಲಿಂಗ್, ಅಂದರೆ ಮುಕ್ಕಾಲು ಪೌಂಡ್. ೧೮೧೩ರ ಜುಲೈ ಹೊತ್ತಿಗೆ ಪ್ರತಿಗಳೆಲ್ಲ ಮಾರಿಹೋಗಿ, ೧೪೦ ಪೌಂಡ್ ಕೈಗೆ ಬಂದಿತ್ತು. ಹಕ್ಕುಸ್ವಾಮ್ಯವೂ ಕೈಯಲ್ಲೇ ಉಳಿದಿತ್ತು. ಇಂಗ್ಲಿಷ್ ಕಾದಂಬರಿಯ ಚರಿತ್ರೆಯಲ್ಲಿ ಹೊಸ ಯುಗ ತೆರೆದ ಲೇಖಕಿಯ ಮೊದಲ ಪ್ರಕಟಿತ ಕೃತಿ ಸ್ವಂತ ಹೊಣೆಯಲ್ಲಿ ಅಚ್ಚಾದದ್ದು ಎಂಬ ಸಂಗತಿಯನ್ನು ನಮ್ಮ ತರಗತಿಗಳಲ್ಲಿ ಯಾರೂ ಹೇಳುವುದಿಲ್ಲ.

ಮುಂದಿನ ಲೆಕ್ಕ ಇನ್ನೂ ಬೋಧಪ್ರದ. ಹದಿನಾರು ವರ್ಷಗಳ ಹಿಂದಿನ ‘ಫಸ್ಟ್ ಇಂಪ್ರೆಷನ್ಸ್’ ಕತ್ತರಿಸಿ, ತಿದ್ದಿ, ‘ಪ್ರೈಡ್ ಅಂಡ್ ಪ್ರೆಜುಡಿಸ್’ ಆಯಿತು. ಅದರ ಹಕ್ಕನ್ನು ಆಕೆ ೧೮೧೨ರ ಕೊನೆಯಲ್ಲಿ ಎಗರ್ಟನ್ನನಿಗೆ ೧೧೦ ಪೌಂಡಿಗೆ ಮಾರಿಬಿಟ್ಟಳು. ಕೇಳುವ ಆಸೆಯಿದ್ದದ್ದು ೧೫೦. ೧೮೧೩ರ ಜನವರಿಯಲ್ಲಿ ಹೊರಬಂದ ಪುಸ್ತಕ ಅದೇ ವರ್ಷ ಎರಡನೆಯ ಮುದ್ರಣ ಕಂಡಿತು, ಲಾಭವೆಲ್ಲ ಕೊಂಡವನದು. ಅತ್ಯಂತ ಜನಪ್ರಿಯವಾದ ಕೃತಿಯಿಂದ ಆಕೆಗೆ ಮುಂದೆ ಚಿಕ್ಕಾಸೂ ಬರಲಿಲ್ಲ. ೧೮೧೪ರ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಮತ್ತೆ ಸ್ವಂತ ಹೊಣೆಯಲ್ಲಿ ಬಂತು, ಕೆಲವೇ ತಿಂಗಳಲ್ಲಿ ಮಾರಿಹೋಯಿತು. ಪ್ರಸಿದ್ಧ ಪ್ರಕಾಶಕ ಜಾನ್ ಮರೆ ‘ಎಮ್ಮಾ’ದ ಜೊತೆಗೆ ಹಿಂದಿನ ಎರಡು ಕಾದಂಬರಿಗಳ ಹಕ್ಕನ್ನೂ ಸೇರಿಸಿ ೪೫೦ ಪೌಂಡ್ ಕೊಡಲು ಮುಂದೆ ಬಂದಾಗ ಆಕೆ ಒಪ್ಪಲಿಲ್ಲ. ೧೮೧೫ರ ಡಿಸೆಂಬರಿನಲ್ಲಿ ‘ಎಮ್ಮಾ’ ಎರಡು ಸಾವಿರ ಪ್ರತಿಗಳಲ್ಲಿ ಆಕೆಯ ಹೊಣೆಯಲ್ಲಿಯೇ ಬಂತು. ಈ ಸಲ ಅದೃಷ್ಟ ತಿರುಗಿತು. ಮರೆಯ ಮೂಲಕ ಮಾಡಿಸಿದ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಎರಡನೆಯ ಮುದ್ರಣ ನಷ್ಟಕ್ಕಿಳಿದು, ಆ ನಷ್ಟವನ್ನು ‘ಎಮ್ಮಾ’ದ ಲಾಭದಲ್ಲಿ ಕಳೆದಾಗ, ಆಕೆಯ ಕೈಗೆ ಬಂದದ್ದು ಸುಮಾರು ೩೯ ಪೌಂಡ್ ಮಾತ್ರ.

ಈ ಲೆಕ್ಕವನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಒಂದೇ ಕೈಯಿಂದ, ಒಂದೇ ಮನೆಯಲ್ಲಿ ಸಿದ್ಧವಾದ ನಾಲ್ಕು ಕಾದಂಬರಿಗಳಲ್ಲಿ ಮೂರು ಸ್ವಂತ ಹೊಣೆಯವು, ಒಂದು ಪ್ರಕಾಶಕನ ಹಣದ್ದು. ಪ್ರಕಟಣೆಯ ವಿಧಾನವೇ ಗುಣವನ್ನು ಹೇಳುವುದಾದರೆ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಒಂದು ಜಾತಿಯ ಕೃತಿ, ‘ಎಮ್ಮಾ’ ಇನ್ನೊಂದು ಕೀಳು ಜಾತಿಯ ಕೃತಿ ಆಗಬೇಕಿತ್ತು. ಅಂಥ ಮಾತನ್ನು ಯಾವ ವಿಮರ್ಶಕನೂ ಆಡಲಾರ. ಸ್ವಯಂ ಪ್ರಕಟಣೆಯೆಂಬುದು ಹಣಕಾಸಿನ ಒಂದು ಏರ್ಪಾಡು. ಅದು ಸಾಹಿತ್ಯಗುಣದ ಪ್ರಮಾಣಪತ್ರವೂ ಅಲ್ಲ, ಅಪಮಾನದ ಮುದ್ರೆಯೂ ಅಲ್ಲ. ಕೃತಿ ಓದುಗರ ಕೈ ಸೇರಲು ಯಾರಾದರೂ ವೆಚ್ಚ ಭರಿಸಲೇಬೇಕು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಮಾಡಿಸಿ ಹಂಚಿದಳೆಂಬುದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆಕೆಯ ಹಣ ಪೊನ್ನನ ಕಾವ್ಯವನ್ನು ದೊಡ್ಡದು ಮಾಡಲಿಲ್ಲ, ಸಣ್ಣದೂ ಮಾಡಲಿಲ್ಲ, ಉಳಿಸಿತು. ಅತ್ತಿಮಬ್ಬೆ ದೊರೆಯದ ಲೇಖಕಿ ತನಗೆ ತಾನೇ ಅತ್ತಿಮಬ್ಬೆಯಾದರೆ ಅದರಲ್ಲಿ ನಗುವಂಥದೇನಿದೆ?

ಹಾಗೆಂದು ಇದನ್ನು ಒಂಟಿ ವೀರಗಾಥೆಯಾಗಿ ಹಾಡುವುದೂ ಸರಿಯಲ್ಲ. ಆಸ್ಟಿನ್‌ಳ ಪರವಾಗಿ ಲಂಡನ್ನಿನಲ್ಲಿ ವ್ಯವಹರಿಸಿದ್ದು ಬ್ಯಾಂಕ್ ನಡೆಸುತ್ತಿದ್ದ ಅಣ್ಣ ಹೆನ್ರಿ; ಇರಲು ಮನೆ ಕೊಟ್ಟದ್ದು ಇನ್ನೊಬ್ಬ ಅಣ್ಣ. ಈ ಆಸರೆಯಿಲ್ಲದ ಎಷ್ಟೋ ಹೆಣ್ಣುಮಕ್ಕಳ ಹಸ್ತಪ್ರತಿಗಳು ಅಟ್ಟದಲ್ಲಿಯೇ ಗೆದ್ದಲಿಗೆ ಆಹಾರವಾಗಿರಬೇಕು. ಜೀವಮಾನದಲ್ಲಿ ಆಕೆಯ ಹೆಸರು ಯಾವ ಮುಖಪುಟದಲ್ಲಿಯೂ ಅಚ್ಚಾಗಲಿಲ್ಲ. ೧೮೧೭ರ ಜುಲೈ ೧೮ರಂದು, ನಲವತ್ತೊಂದರ ವಯಸ್ಸಿನಲ್ಲಿ, ಆಕೆ ತೀರಿಕೊಂಡಾಗ ವಿಂಚೆಸ್ಟರ್ ಕೆಥೆಡ್ರಲ್ಲಿನ ಸಮಾಧಿಶಿಲೆಯ ಮೇಲೆ ಆಕೆಯ ಸದ್ಗುಣಗಳನ್ನು ಬಣ್ಣಿಸಲಾಯಿತು. ಕಾದಂಬರಿಗಳ ಪ್ರಸ್ತಾಪ ಅಲ್ಲಿಲ್ಲ.

ಹಣ ಗುಣವನ್ನು ತಂದುಕೊಡದಿದ್ದರೆ ಗುಣ ಬಂದದ್ದೆಲ್ಲಿಂದ? ಓದಿನಿಂದ ಮತ್ತು ತಿದ್ದುವಿಕೆಯಿಂದ ಎಂದು ನಾನು ಹೇಳುತ್ತೇನೆ. ತಿದ್ದುವಿಕೆಯೂ ತನ್ನನ್ನು ತಾನು ಓದಿಕೊಳ್ಳುವ ಕ್ರಮವೇ. ೧೮೧೧ರ ವಸಂತದಲ್ಲಿ ಲಂಡನ್ನಿಗೆ ಹೋಗಿದ್ದಾಗ, ಊರಿನ ಆಕರ್ಷಣೆಗಳ ನಡುವೆಯೂ ಆಕೆ ತನ್ನ ಕಾದಂಬರಿಯ ಕರಡಚ್ಚು ತಿದ್ದುತ್ತಿದ್ದಳು. ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕೈಸೇರಿದಾಗ, ಮೂರನೆಯ ಸಂಪುಟದ ಒಂದು ಪುಟದಲ್ಲಿ ಇಬ್ಬರ ಮಾತು ಒಬ್ಬರದೇ ಎಂಬಂತೆ ಅಚ್ಚಾಗಿರುವುದನ್ನು ಪುಟಸಂಖ್ಯೆ ಸಹಿತ ಅಕ್ಕನಿಗೆ ಬರೆದಳು. ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಮತ್ತು ‘ಎಮ್ಮಾ’ ಕುರಿತು ಬಂಧುಗಳು, ಸ್ನೇಹಿತರು, ನೆರೆಹೊರೆಯವರು ಆಡಿದ ಅಭಿಪ್ರಾಯಗಳನ್ನು ಹೆಸರಿನ ಸಮೇತ ಬರೆದಿಟ್ಟಳು. ಹೊಗಳಿಕೆಯ ಜೊತೆಗೆ, ಬೇಸರವಾಯಿತು, ಹಿಡಿಸಲಿಲ್ಲ ಎಂಬ ಮಾತುಗಳೂ ಅಲ್ಲಿವೆ. ೧೮೧೬ರ ಜುಲೈನಲ್ಲಿ ‘ಪರ್ಸುಯೇಷನ್’ ಮುಗಿಸಿದ ಆಕೆಗೆ ಕೊನೆಯ ಭಾಗ ಸಪ್ಪೆಯೆನಿಸಿತು; ಆರೋಗ್ಯ ಕೆಡುತ್ತಿದ್ದರೂ ಆ ಭಾಗವನ್ನು ತೆಗೆದುಹಾಕಿ ಆಗಸ್ಟ್ ಆರಂಭದೊಳಗೆ ಹೊಸದಾಗಿ ಬರೆದಳು. ಕೈಬಿಟ್ಟ ಆ ಎರಡು ಅಧ್ಯಾಯಗಳ ಹಸ್ತಪ್ರತಿ ಇಂದಿಗೂ ಉಳಿದಿದೆ. ಗ್ರಂಥಸಂಪಾದನೆಯ ವಿದ್ಯಾರ್ಥಿಗಳು ಎರಡೂ ಪಾಠಗಳನ್ನು ಹೋಲಿಸಿ ನೋಡಬೇಕು. ಹಳೆಯ ಪಾಠದಲ್ಲಿ ಪ್ರೇಮಿಗಳು ಒಂದಾಗುವುದು ಇನ್ನೊಬ್ಬರು ಒದಗಿಸಿದ ಸಂದರ್ಭದಿಂದ. ಹೊಸದರಲ್ಲಿ ನಾಯಕಿ ಬೇರೊಬ್ಬರೊಡನೆ ಆಡುವ ಮಾತನ್ನು ಕೇಳಿಸಿಕೊಂಡ ನಾಯಕ ಅಲ್ಲಿಯೇ ಕೂತು ಬರೆಯುವ ಪತ್ರದಿಂದ. ಪ್ರೇಮಕಥೆ ಎರಡರಲ್ಲಿಯೂ ಅದೇ; ಕಲೆಯ ಅಂತರ ಎಷ್ಟೆಂಬುದು ಮಾತ್ರ ಹೋಲಿಸಿದವರಿಗೇ ಗೊತ್ತಾಗುತ್ತದೆ.

ನಮ್ಮ ನೆಲಕ್ಕೆ ಬರೋಣ. ಕನ್ನಡ ಕಾದಂಬರಿಯ ಆರಂಭದ ದಿನಗಳು ಲೇಖಕರ ಸ್ವಂತ ಸಾಹಸದ ದಿನಗಳೇ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದವರು; ಮರಾಠಿಯ ಹರಿ ನಾರಾಯಣ ಆಪಟೆಯವರನ್ನು ಓದಿದ್ದು ಅವರ ಬರವಣಿಗೆಯ ಹಿಂದಿನ ದೊಡ್ಡ ಬಂಡವಾಳ. ‘ಪ್ರೈಡ್ ಅಂಡ್ ಪ್ರೆಜುಡಿಸ್’ ಬಂದು ಸರಿಯಾಗಿ ನೂರು ವರ್ಷಗಳ ಮೇಲೆ, ೧೯೧೩ರಲ್ಲಿ, ನಂಜನಗೂಡು ತಿರುಮಲಾಂಬ ಅವರು ‘ಸತೀ ಹಿತೈಷಿಣಿ’ ಗ್ರಂಥಮಾಲೆಯನ್ನು ತಾವೇ ಸ್ಥಾಪಿಸಿ ‘ಸುಶೀಲೆ’ ಕಾದಂಬರಿಯನ್ನು ಪ್ರಕಟಿಸಿದರು. ಬಾಲ್ಯದಲ್ಲಿಯೇ ವೈಧವ್ಯ ಬಂದೆರಗಿದ, ತಂದೆಯ ಆಸರೆಯಲ್ಲಿ ಮನೆಯಲ್ಲೇ ಓದಿ ಬೆಳೆದ ಹೆಣ್ಣುಮಗಳು ಲೇಖಕಿಯೂ ಪ್ರಕಾಶಕಿಯೂ ಪತ್ರಿಕಾ ಸಂಪಾದಕಿಯೂ ಆದ ಬಗೆ ನಮ್ಮ ಸಾಹಿತ್ಯ ಚರಿತ್ರೆಯ ಒಂದು ವಿಸ್ಮಯ. ಆಸ್ಟಿನ್‌ಳಿಗೂ ಅವರಿಗೂ ಮನೋಧರ್ಮದಲ್ಲಿ ಬಹಳ ಅಂತರವಿದೆ. ಒಬ್ಬಳದು ವಿನೋದ, ಇನ್ನೊಬ್ಬರದು ಹಿತೋಪದೇಶ. ಆದರೆ ತಂದೆಯ ಪುಸ್ತಕಗಳು, ಮನೆಯೊಳಗಿನ ಓದು, ಸ್ವಂತ ಹೊಣೆಯ ಪ್ರಕಟಣೆ ಈ ಮೂರರಲ್ಲಿ ಇಬ್ಬರ ಹಾದಿ ಒಂದೇ. ತಿರುಮಲಾಂಬ ಅವರು ದೀರ್ಘಕಾಲ ಮರೆವಿಗೆ ಸಂದು, ಚಿ. ನ. ಮಂಗಳಾ, ವಿಜಯಾ ದಬ್ಬೆ ಅವರಂಥ ವಿದುಷಿಯರ ಶ್ರಮದಿಂದ ಮತ್ತೆ ಬೆಳಕಿಗೆ ಬಂದರು. ನಾಗಚಂದ್ರನಂಥ ಪ್ರಾಚೀನ ಕವಿಯನ್ನು ಅಧ್ಯಯನ ಮಾಡಿದ ದಬ್ಬೆಯವರು ಸ್ವಂತ ಗ್ರಂಥಮಾಲೆಯ ಕಾದಂಬರಿಗಾರ್ತಿಯನ್ನೂ ಅಷ್ಟೇ ಶ್ರದ್ಧೆಯಿಂದ ಓದಿದರು. ವಿದ್ವತ್ತಿಗೆ ಇಂಥ ವಿಷಯ ತಕ್ಕದ್ದಲ್ಲವೆನ್ನುವವರಿಗೆ ಅದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಇಂದು ಪರಿಸ್ಥಿತಿ ಬದಲಾಗಿದೆ. ಪ್ರತಿಲಿಪಿಯಂಥ ವೇದಿಕೆಗಳಲ್ಲಿ ಕನ್ನಡದ ಹೆಣ್ಣುಮಕ್ಕಳು ಪ್ರೇಮಕಥನದ ಧಾರಾವಾಹಿಗಳನ್ನು ತಾವೇ ಪ್ರಕಟಿಸುತ್ತಿದ್ದಾರೆ. ಅಗತ್ಯವಿದ್ದಷ್ಟೇ ಪ್ರತಿಗಳನ್ನು ಅಚ್ಚು ಮಾಡಿಸುವ ಅನುಕೂಲವೂ ಬಂದಿದೆ. ಇವುಗಳಲ್ಲಿ ಅವಸರದ, ಸವಕಲಾದ, ತಿದ್ದದ ಬರಹ ಬೇಕಾದಷ್ಟಿದೆ ಎಂದು ಆಕ್ಷೇಪಿಸುವವರ ಮಾತು ಸುಳ್ಳಲ್ಲ. ಆಸ್ಟಿನ್‌ಳಿಗೆ ಕಾಗದದ ಬೆಲೆಯೇ ಒಂದು ಅಂಕುಶವಾಗಿತ್ತು; ನಷ್ಟದ ಭಯ ಕೈಯನ್ನು ತಡೆದು ಮತ್ತೊಮ್ಮೆ ಓದಿಸುತ್ತಿತ್ತು. ಬರೆದ ಸಂಜೆಯೇ ಪ್ರಕಟಿಸಬಹುದಾದ ಕಾಲದಲ್ಲಿ ಆ ಅಂಕುಶವನ್ನು ಲೇಖಕಿ ತಾನೇ ಹಾಕಿಕೊಳ್ಳಬೇಕು. ಆದರೆ ಸವಕಲು ಬರಹ ಪ್ರಸಿದ್ಧ ಪ್ರಕಾಶನಗಳಿಂದಲೂ ಹೊರಬರುತ್ತದೆ. ಎರಡು ಕಡೆಯ ಜೊಳ್ಳನ್ನೂ ಕಾಳನ್ನೂ ಬೇರ್ಪಡಿಸಲು ನಮ್ಮಲ್ಲಿರುವ ಮೊರ ಒಂದೇ, ಅದು ಓದು.

ಸಂಶೋಧನ ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇಷ್ಟು. ಸ್ವಂತ ಹೊಣೆಯಲ್ಲಿ ಬರೆಯುತ್ತಿರುವ ಪ್ರೇಮ ಕಾದಂಬರಿಗಾರ್ತಿಯೊಬ್ಬರನ್ನು ಭೇಟಿ ಮಾಡಿದಾಗ, ಎಷ್ಟು ಕಾದಂಬರಿ ಬರೆದಿರಿ ಎಂದು ಮೊದಲು ಕೇಳಬೇಡಿ. ಏನನ್ನು ಓದಿ ಬೆಳೆದಿರಿ, ಪುಸ್ತಕ ಎಲ್ಲಿಂದ ಬರುತ್ತಿತ್ತು, ತ್ರಿವೇಣಿಯನ್ನೋ ಎಂ. ಕೆ. ಇಂದಿರಾ ಅವರನ್ನೋ ಯಾವ ವಯಸ್ಸಿನಲ್ಲಿ ಓದಿದಿರಿ, ಯಾವ ಪುಸ್ತಕ ಹಿಡಿಸದೆ ಅರ್ಧಕ್ಕೆ ಬಿಟ್ಟಿರಿ ಎಂದು ಕೇಳಿ. ವಾರಪತ್ರಿಕೆಯ ಧಾರಾವಾಹಿಯನ್ನು ಕತ್ತರಿಸಿ ಹೊಲಿದಿಟ್ಟ ಕಟ್ಟುಗಳಿದ್ದರೆ ನೋಡಿ. ಮುದ್ರಣಾಲಯದ ಬಿಲ್ಲು, ಪ್ರತಿಗಳ ಸಂಖ್ಯೆ, ಮಾರಿದ್ದು, ಮನೆಯಲ್ಲುಳಿದದ್ದು, ಗ್ರಂಥಾಲಯಗಳು ಕೊಂಡದ್ದು ಎಲ್ಲವನ್ನೂ ಗುರುತು ಹಾಕಿಕೊಳ್ಳಿ. ಓದುಗರ ಪತ್ರಗಳನ್ನೂ ತಿದ್ದಿದ ಹಸ್ತಪ್ರತಿಗಳನ್ನೂ ಎಸೆಯದಂತೆ ವಿನಂತಿಸಿ. 

ಆಸ್ಟಿನ್ ಹತ್ತು ಪೌಂಡಿಗೆ ಮಾರಿ, ಅದೇ ಹತ್ತು ಪೌಂಡ್ ಕೊಟ್ಟು ಹಿಂತೆಗೆದುಕೊಂಡ ಹಸ್ತಪ್ರತಿಯ ಕಥೆ ನಮಗೆ ತಿಳಿದಿರುವುದು ಆ ಪತ್ರಗಳು ಉಳಿದುದರಿಂದ. ಕನ್ನಡದ ಲೇಖಕಿಯರ ಇಂಥ ದಾಖಲೆಗಳು ಇಂದಿಗೂ ಅವರ ಮನೆಗಳ ಕಪಾಟುಗಳಲ್ಲಿವೆ. ನಾಳೆ ಇರುತ್ತವೆಂಬ ಖಾತರಿಯಿಲ್ಲ. ಆ ಕಾದಂಬರಿಗಳು ಉತ್ತಮವೋ ಸಾಧಾರಣವೋ ಎಂಬ ತೀರ್ಮಾನವನ್ನು ಓದಿದ ಮೇಲೆ ಧಾರಾಳವಾಗಿ ಮಾಡೋಣ. ಪ್ರಕಾಶಕರ ಹೆಸರು ಕೇಳಿಯೇ ಪುಸ್ತಕ ಮುಚ್ಚುವ ರೂಢಿಯನ್ನು ಮಾತ್ರ ನಮ್ಮ ವಿಭಾಗಗಳು ಬಿಡಬೇಕು.